ಅಡುಗೆಮನೆಯ ಸ್ಪೀಕರ್

ಜುಲೈ ೧೪, ಶನಿವಾರ

ನಮ್ಮ ಮನೆಯಲ್ಲಿ ಇನ್ನು ಕರೆಂಟ್ ಇಲ್ಲದೆಯೂ ಹಾಡು ಬರುತ್ತದೆ! ಇದನ್ನು ಬರೆಯದೆ ಬೇರೇನನ್ನೂ ಬರೆಯಲಾರೆ. ಮದುವೆಯಾಗಿ ಕಕ್ಕೇರಾಕ್ಕೆ ಬಂದು ಎರಡು ತಿಂಗಳಾಯಿತು. ಗುಲಬರ್ಗಾದಿಂದ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ ತಂದಿದ್ದೇನೆ. ಕೇಳೋಣವೆಂದರೆ ಕರೆಂಟ್ ಬರುವುದು ನಾವೆಲ್ಲ ಮಲಗಿದ ಮೇಲೆ. ಹಗಲಿಡೀ ಇಲ್ಲ. ಸಂಜೆ ಸ್ವಲ್ಪ ಬಂದರೂ ಬಲ್ಬು ಕೆಂಪಗೆ ಮಿಣುಕುತ್ತದೆ, ಟೇಪು ಎಳೆದೆಳೆದು ಹಾಡುತ್ತದೆ.

ಈಶ ಡಿಪ್ಲೊಮಾ ಓದುವಾಗಲೇ ಕೈಯಾರೆ ಆಂಪ್ಲಿಫೈಯರ್ ಜೋಡಿಸಿದವರು. ಬೇವಿನ ಹಲಗೆಯ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನೂ ಅವರೇ ಮಾಡಿದ್ದಾರೆ. (ಅವರ ಹೆಸರನ್ನು ಇಲ್ಲಿ ಎಷ್ಟು ಸಲ ಬೇಕಾದರೂ ಬರೆಯಬಹುದು. ಈಶ, ಈಶ, ಈಶ. ಮನೆಯಲ್ಲಿ ಒಮ್ಮೆ ಬಾಯಿ ತಪ್ಪಿ ಅಂದಿದ್ದಕ್ಕೆ ಅತ್ತೆ ಹಲ್ಲಿಯನ್ನು ಕಂಡವರ ಹಾಗೆ ನೋಡಿದರು.) ಇವತ್ತು ಕಾಲುವೆ ಆಫೀಸಿಗೆ ರಜೆ ಹಾಕಿ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಶಹಾಪುರಕ್ಕೆ ಹೋದರು. ಬಾಷುಮಿಯಾ ಅವರ ಅಂಗಡಿಯಲ್ಲಿ ಇನ್ವರ್ಟರ್ ಕೊಂಡೆವು, ಒಂದು ಬ್ಯಾಟರಿಯನ್ನೂ ಕೊಂಡೆವು.

ಈಶ ಟ್ರ್ಯಾಕ್ಟರ್ ಬ್ಯಾಟರಿ ಸಾಕಲ್ಲವೇ ಎಂದರು. ಬಾಷುಮಿಯಾ ನಕ್ಕರು. "ಅದು ಒಂದ ಸಲ ಜೋರ ಒದ್ದು ಕೂತುಬಿಡ್ತದ ಸಾಬ್. ಹಾಡಿಗಿ ಸಾವಕಾಶ ನಡಿಯೋದು ಬೇಕು. ಇದು ತಗೋರಿ. ಹಳೇದು ಅದ ಖರೆ, ಆದ್ರ ಭಾಳ ಶಾಣ್ಯಾ ಅದ." ಆಮೇಲೆ ನನ್ನ ಕಡೆ ನೋಡಿ, "ಹೊಸಾ ಮದಿವಿ, ಹಳೀ ಬ್ಯಾಟ್ರಿ! ಎರಡೂ ಸಂಭಾಳಿಸಿಕೋಬೇಕು ನೋಡ್ರಿ ಭಾಬಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಬ್ಯಾಟರಿಯ ನೀರು ಗೆರೆಗಿಂತ ಕೆಳಗಿಳಿದರೆ ಬಾಟಲಿಯ ನೀರನ್ನು ಮಾತ್ರ ಹಾಕಬೇಕಂತೆ. ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿದೆ. ನನಗೆ ಕೊಟ್ಟ ಮೊದಲ ಜವಾಬ್ದಾರಿ!

ಮಾವನವರ ಗಂಟಲು ಇನ್ನೂ ಕಟ್ಟಿಕೊಂಡೇ ಇದೆ. ನಾಲ್ಕೂರಿಗೆ ಹೆಸರಾದ ಭಜನೆ ಹಾಡುಗಾರರಂತೆ. ನಾನು ಬಂದಾಗಿನಿಂದ ಬರೀ ಪಿಸುಮಾತು. ಸೋಲಾಪುರದ ದವಾಖಾನೆಯಲ್ಲಿ ಗಂಟಲಿನ ಚೂರು ತೆಗೆದು ತಪಾಸಣೆಗೆ ಕಳಿಸಿದ್ದಾರೆ. ಥಂಡಿಯಿಂದ ಆಗಿರಬೇಕು.

ಜುಲೈ ೧೬, ಸೋಮವಾರ

ಅಯ್ಯೋ, ಇನ್ವರ್ಟರ್ ಹಚ್ಚಿದರೆ ಹಾಡಿನ ಹಿಂದೆ ಗುಂಯ್ ಎಂದು ಸದ್ದು! ಹಿಟ್ಟಿನ ಗಿರಣಿಯೊಳಗೆ ಕುಳಿತು ಹಾಡು ಕೇಳಿದ ಹಾಗೆ. ನಾನು ಅಳುವುದೊಂದು ಬಾಕಿ. ಈಶ ಸಿಟ್ಟಾಗಲಿಲ್ಲ. ನೆಲದ ಮೇಲೆ ಕುಳಿತು ನನಗೆ ತಿಳಿಸಿ ಹೇಳಿದರು. ಬ್ಯಾಟರಿಯಲ್ಲಿ ಇರುವುದು ನೇರ ಕರೆಂಟ್. ಇನ್ವರ್ಟರ್ ಅದನ್ನು ಮನೆಯ ಕರೆಂಟಿನಂತೆ ಹಿಂದಕ್ಕೂ ಮುಂದಕ್ಕೂ ಓಡಾಡಿಸುತ್ತದೆ. ಈ ಅಗ್ಗದ ಇನ್ವರ್ಟರ್ ಓಡಾಡಿಸುವುದಿಲ್ಲ, ಎತ್ತಿ ಒಗೆಯುತ್ತದೆ. ಆಂಪ್ಲಿಫೈಯರ್ ಒಳಗೆ ಮತ್ತೆ ಅದನ್ನು ನೇರ ಮಾಡಬೇಕು. "ಶಹಾಪುರಕ್ಕ ಹೋಗಾಕ ರಾಯಚೂರು ಸುತ್ತಿದಂಗ. ಸುತ್ತೋದ್ಯಾಕ?" ಎಂದು ಇನ್ವರ್ಟರನ್ನು ಬದಿಗಿಟ್ಟು, ಜೀಪುಗಳಲ್ಲಿ ಹಾಕುವಂಥ ಸಣ್ಣ ಆಂಪ್ಲಿಫೈಯರನ್ನು ಬ್ಯಾಟರಿಗೇ ಜೋಡಿಸಿದರು. ಗುಂಯ್ ನಿಂತುಹೋಯಿತು! ಇನ್ವರ್ಟರ್ ಈಗ ಪಡಸಾಲೆಯ ಒಂದು ದೀಪವನ್ನಷ್ಟೇ ಉರಿಸುತ್ತದೆ. ಕರೆಂಟ್ ಬಂದಾಗ ಬ್ಯಾಟರಿಗೆ ಚಾರ್ಜು ತುಂಬುತ್ತದೆ.

ಈ ಮನೆಯ ಒಂದು ಪದ್ಧತಿ ನನಗಿನ್ನೂ ಅಭ್ಯಾಸವಾಗಿಲ್ಲ. ಸೊಸೆ ಮಾವನ ಮುಂದೆ ಮಾತಾಡಬಾರದು, ಎದುರಿಗೆ ನಿಲ್ಲಬಾರದು. ಅವರಿಗೆ ಹೇಳುವುದನ್ನೆಲ್ಲ ಅತ್ತೆಗೆ ಹೇಳಬೇಕು. ಅತ್ತೆಗೋ ಕಿವಿ ಮಂದ. ಒಬ್ಬರ ಮುಂದೆ ಕೂಗಬೇಕು, ಇನ್ನೊಬ್ಬರ ಮುಂದೆ ಉಸಿರೂ ಬಿಡಬಾರದು. ಕಾನ್ವೆಂಟಿನಲ್ಲಿ ಚರ್ಚಾ ಸ್ಪರ್ಧೆಯ ಕಪ್ಪು ಗೆದ್ದವಳು ನಾನು! ಇವತ್ತು ಮಧ್ಯಾಹ್ನ ಮಾವನವರು ಮಂಚಕ್ಕೆ ತಂಬಿಗೆ ಬಡಿದರು. ಬಾಗಿಲ ಮರೆಯಿಂದ ನೋಡಿದೆ. ತುಟಿ ಅಲುಗಿತು, ಏನೂ ಕೇಳಲಿಲ್ಲ. ಅತ್ತೆಯ ಕೈಯಲ್ಲಿ ಎಲೆ ಅಡಿಕೆ ಕಳಿಸಿದೆ. ಅವರಿಗೆ ಬೇಕಾಗಿದ್ದು ಹೊದಿಕೆಯಂತೆ.

ಜುಲೈ ೨೦, ಶುಕ್ರವಾರ

ಥಂಡಿಯಲ್ಲ. ಕ್ಯಾನ್ಸರ್.

ಈಶ ಸೋಲಾಪುರದಿಂದ ಬಂದು ಬೂಟು ಬಿಚ್ಚದೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮಾತು ಹುಟ್ಟುವ ಜಾಗದಲ್ಲೇ ಗಡ್ಡೆ ಬೆಳೆದಿದೆಯಂತೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರೆ ಬದುಕುತ್ತಾರೆ, ತೆಗೆಯದಿದ್ದರೆ ಯುಗಾದಿಯವರೆಗೆ ಇರುವುದೂ ಕಷ್ಟ ಎಂದಿದ್ದಾರೆ. ತೆಗೆದ ಮೇಲೆ ಕೊರಳಿನಲ್ಲಿ ಒಂದು ರಂಧ್ರ, ಉಸಿರಾಟ ಅದರಲ್ಲಿಯೇ. ಧ್ವನಿ ಇರುವುದಿಲ್ಲ. ಪಿಸುಮಾತೂ ಬರುವುದಿಲ್ಲ.

ಈ ಮನೆಯಲ್ಲಿ ನಾನು ಒಳ್ಳೆಯ ದಿನಗಳಿಗೇ ಬಂದೆ ಅಂದುಕೊಂಡಿದ್ದೆ. ಎಷ್ಟು ಸ್ವಾರ್ಥದ ಮಾತು! ಆದರೂ ಬರೆದೆ.

ಸಂಜೆ ಈಶ ತಂದೆಯ ಹಳೆಯ ಭಜನೆಯ ಕ್ಯಾಸೆಟ್ ಹಾಕಿದರು. ಎಂಥ ಕಂಠ! ಪಡಸಾಲೆಯ ಕಂಬಗಳೆಲ್ಲ ಝುಂ ಎಂದವು. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಮಾವನವರಿಗೆ ಸಮಾಧಾನವಾಗಲಿ ಎಂದು ಹಾಕಿದ್ದು. ಅವರು ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಜುಲೈ ೨೩, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಮಾವನವರು ಗುಡಿಗೆ ಹೋಗಲಾರರು. ಭಜನೆ ಮೇಳವೇ ನಮ್ಮ ಪಡಸಾಲೆಗೆ ಬಂತು. ಹಾರ್ಮೋನಿಯಂ ಬಾರಿಸುವ ಚನ್ನಯ್ಯನವರು, ಮಾವನವರ ತಮ್ಮ ಮರಿಲಿಂಗಪ್ಪ ಕಾಕಾ, ಇನ್ನೂ ನಾಲ್ಕೈದು ಜನ. ಪಿಸುಮಾತಿನಲ್ಲಾದರೂ ತಂದೆ ಒಂದು ಸೊಲ್ಲು ಹಾಡಲಿ ಎಂದು ಈಶ ಮೇಳದ ಮೈಕನ್ನು ನಮ್ಮ ಆಂಪ್ಲಿಫೈಯರಿಗೆ ಹಚ್ಚಿದರು. ಮೈಕೂ ಸ್ಪೀಕರೂ ಒಂದೇ ಕೋಣೆಯಲ್ಲಿದ್ದವು. ಕೀಂಯ್ ಎಂದು ಎಲ್ಲರೂ ಕಿವಿ ಮುಚ್ಚಿಕೊಳ್ಳುವಂತೆ ಚೀರಿತು. ಕೊನೆಗೆ ಒಂದು ಸ್ಪೀಕರನ್ನು ಅಂಗಳಕ್ಕೆ ಒಯ್ದರು. ಇನ್ನೊಂದನ್ನು ಅಡುಗೆಮನೆಯೊಳಗೆ, ಹಿಟ್ಟಿನ ಡಬ್ಬಿಯ ಪಕ್ಕಕ್ಕೆ ತಂದಿಟ್ಟರು. ಚೀರುವುದು ನಿಂತಿತು.

ಮಾವನವರು ಮೈಕಿಗೆ ಬಾಯಿ ಹಚ್ಚಿದರು. ಅಂಗಳದಿಂದ ಅವರದೇ ದನಿ ತಿರುಗಿ ಬಂತು, ಒಣಗಿದ ಎಲೆ ಎಳೆದಂತೆ. ಅರ್ಧ ಸೊಲ್ಲಿಗೇ ಮೈಕು ಕೆಳಗಿಟ್ಟರು. ಚನ್ನಯ್ಯನವರು ಹಾರ್ಮೋನಿಯಂ ಮೇಲೆ ತಲೆಯಿಟ್ಟು ಅತ್ತರು. ಮಾವನವರ ಕಡೆ ಕೈ ಮಾಡಿ ಅಂದರು:

"ದನಿ ಇಲ್ಲದ ಲಿಂಗಣ್ಣನ್ನ ನಾ ನೋಡಂಗಿಲ್ಲಪ್ಪ. ಅಂವನೂ ಇರಂಗಿಲ್ಲ. ವಯಸ್ಸಿನಾಗ ಇದ್ದಾಗ ನನ್ನ ಕೈ ಹಿಡಿದು ಹೇಳ್ಯಾನ, ಹಾಡು ಹೋದ ದಿನ ನಾನೂ ಹೊಂಟೆ ಅಂತ."

ಕಾಕಾ ತಲೆಯಾಡಿಸಿದರು. "ಹುಲಿಯಂಗ ಬದುಕಿದಾಂವ. ಕೊರಳಿಗೆ ತೂತು ಹಾಕ್ಸಿ ಕೂಡ್ಸೋದು ಬ್ಯಾಡ."

ಎಷ್ಟು ದೊಡ್ಡ ಮಾತು ಎಂದು ಒಳಗೆ ನಿಂತಿದ್ದ ನನ್ನ ಕಣ್ಣೂ ತುಂಬಿತು.

ಅತ್ತೆ ಎಲ್ಲ ದೇವರಿಗೂ ವಿಭೂತಿ ಹಚ್ಚಿ, ಉಳಿದದ್ದನ್ನು ಬ್ಯಾಟರಿಗೂ ಹಚ್ಚಿ ಒಂದು ಹೂವಿಟ್ಟರು.

ಜುಲೈ ೨೪, ಮಂಗಳವಾರ

ಇವತ್ತು ನಡೆದದ್ದನ್ನು ಯಾರಿಗೂ ಹೇಳುವಂತಿಲ್ಲ. ಇಲ್ಲಿ ಬರೆಯುತ್ತೇನೆ.

ಈಶ ಬೆಳಗ್ಗೆಯೇ ಕಾಲುವೆಯ ಮೇಲೆ ಹೋದರು. ಅತ್ತೆ ಹಿತ್ತಲಲ್ಲಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ರೊಟ್ಟಿ ಇನ್ನೂ ದುಂಡಗೆ ಬರುವುದಿಲ್ಲ. ಗೋದಾವರಿ ನದಿಯ ನಕಾಶೆಯ ಹಾಗೆ ಬರುತ್ತದೆ. ಕಿಟಕಿಯಿಂದ ಏನೋ ನೋಡುತ್ತ ನಿಂತಿದ್ದೆ. ಥಟ್ಟನೆ ಕಿವಿಯ ಪಕ್ಕದಲ್ಲೇ ಯಾರೋ ಅಂದರು:

"ಯವ್ವಾ, ರೊಟ್ಟಿ ಸೀಯಾಕತ್ತೈತಿ ನೋಡು."

ಕೈಯಲ್ಲಿದ್ದ ಹಿಟ್ಟಿನ ಉಂಡೆ ಜಾರಿ ಬಿತ್ತು. ಯಾರೂ ಇರಲಿಲ್ಲ. ಮತ್ತೆ ಅದೇ ದನಿ, ಹಿಟ್ಟಿನ ಡಬ್ಬಿಯ ಬದಿಯಿಂದ: "ಅಂಜಬ್ಯಾಡ. ನಾನು. ಈ ಮೈಕು ನಿನ್ನೆಯಿಂದ ಚಾಲೂ ಐತಿ."

ಮಾವನವರು! ನಾನು ಈ ಮನೆಗೆ ಬಂದ ಮೇಲೆ ಅವರು ನನ್ನೊಂದಿಗೆ ಮಾತಾಡಿದ್ದೇ ಇವತ್ತು. ಅಂಗಳದ ಸ್ಪೀಕರಿನ ವೈರನ್ನು ಈಶ ರಾತ್ರಿಯೇ ಬಿಚ್ಚಿದ್ದರು, ಇದನ್ನು ಮರೆತಿದ್ದರು. ಒಲೆಯ ಮುಂದೆ ಸೆರಗು ಹೊದ್ದು ನಿಂತೆ, ಸ್ಪೀಕರಿನ ಎದುರಿಗೆ! ಹೆಂಚಿನ ಮೇಲೆ ರೊಟ್ಟಿ ಕರ್ರಗಾಗಿತ್ತು.

"ಅದು ನಾಯಿಗೆ ಹಾಕು. ಇನ್ನೊಂದು ಬಡಿ."

ನಗುತ್ತಿದ್ದರೋ ಏನೋ, ಸ್ಪೀಕರ್ ಗರಗರ ಅಂದಿತು.

ಜುಲೈ ೩೧, ಮಂಗಳವಾರ

ಒಂದು ವಾರ ಬರೆಯಲಿಲ್ಲ. ಕೆಲಸ.

ಈಗ ಮಾವನವರ ಮೈಕು ದಿನವಿಡೀ ಮಂಚದ ಪಕ್ಕದಲ್ಲೇ ಇರುತ್ತದೆ. ನೀರು ಬೇಕು, ಬೆನ್ನು ನೋಯುತ್ತಿದೆ, ಬಾಗಿಲಲ್ಲಿ ಎಮ್ಮೆ ಬಂದಿದೆ, ಎಲ್ಲವೂ ಅಡುಗೆಮನೆಗೆ ಬರುತ್ತವೆ. ನಾನು ಗಂಜಿ ಕಾಯಿಸಿ ಅತ್ತೆಯ ಕೈಗೆ ಕೊಡುತ್ತೇನೆ. ಮೊದಲು ಬಳೆ ಸದ್ದು ಮಾಡಿ ಉತ್ತರ ಹೇಳುತ್ತಿದ್ದೆ. ಮೊನ್ನೆಯಿಂದ ಬಾಗಿಲ ಮರೆಯಲ್ಲಿ ನಿಂತು "ಹೂಂ ರೀ" ಅನ್ನುತ್ತೇನೆ. ಅತ್ತೆಗೆ ಕೇಳುವುದಿಲ್ಲ. ಕೇಳುವುದಿಲ್ಲ ಎಂದು ನಾವಿಬ್ಬರೂ ನಂಬಿದ್ದೇವೆ.

ಅವರು ಹಾಡಿನ ವಿಷಯ ಮಾತನಾಡುವುದೇ ಇಲ್ಲ. ಕಾಲುವೆ ಬರುವ ಮೊದಲು ಈ ಊರಲ್ಲಿ ಅನ್ನ ಅಂದರೆ ಹಬ್ಬಕ್ಕೆ ಮಾತ್ರ ಅಂತೆ. ನಮ್ಮ ಹೊಲ ಕಾಲುವೆಯ ತುದಿಯಲ್ಲಿದೆ. ಮೇಲಿನವರೆಲ್ಲ ಹಾಯಿಸಿಕೊಂಡು ಉಳಿದರೆ ನಮಗೆ ನೀರು. ಈ ವರ್ಷ ತೂಬು ದುರಸ್ತಿಯಾಗಿದೆ. ಮೊದಲ ಸಲ ಭತ್ತ ಬಿತ್ತಿದ್ದಾರೆ. "ಹಸರು ನೋಡಿ ಬಂದಿಯೇನವ್ವ?" ಎಂದು ಕೇಳಿದರು. ಇಲ್ಲ ಎಂದೆ. "ನಾನೂ ನೋಡಿಲ್ಲ" ಎಂದರು.

ಬ್ಯಾಟರಿಯ ನೀರು ನೋಡಿದೆ. ಒಂದಿಷ್ಟೂ ಇಳಿದಿಲ್ಲ, ಕಂಠದವರೆಗೆ ಇದೆ. ಬಾಷುಮಿಯಾ ಒಳ್ಳೆಯ ಮಾಲನ್ನೇ ಕೊಟ್ಟಿದ್ದಾರೆ. ಕೆಳಗೆ ನೆಲಕ್ಕೆ ಹಾಸಿದ ಪರಸಿ ಕಲ್ಲು ಮಾತ್ರ ಬೆಳ್ಳಗೆ ಹುರುಪೆ ಎದ್ದಿದೆ. ಅತ್ತೆ ಸುಣ್ಣ ಚೆಲ್ಲಿರಬೇಕು.

ಆಗಸ್ಟ್ ೫, ಭಾನುವಾರ

ಸೋಲಾಪುರದಿಂದ ಈಶನ ಆಫೀಸಿಗೆ ಫೋನು ಬಂದಿತ್ತು. ಹತ್ತು ದಿನದಲ್ಲಿ ಹಾಸಿಗೆ ಖಾಲಿಯಾಗುತ್ತದೆ, ಬರುತ್ತೀರೋ ಇಲ್ಲವೋ ತಿಳಿಸಿ ಎಂದಿದ್ದಾರೆ. ಬರುವ ಭಾನುವಾರ ಹಿರಿಯರು ಕೂಡಿ ತೀರ್ಮಾನ ಮಾಡುತ್ತಾರಂತೆ. ತೀರ್ಮಾನ ಮಾಡುವುದೇನಿದೆ, ಕಾಕಾ ಆಗಲೇ ಊರೆಲ್ಲ ಹೇಳಿದ್ದಾರೆ: ಅಣ್ಣ ಒಲ್ಲೆ ಅಂದಾನ. ಈಶನನ್ನು ಕೇಳಿದೆ. "ಅಪ್ಪನ ಮನಸ್ಸು ಹಂಗಿದ್ದ ಮ್ಯಾಲ ನಾ ಹ್ಯಾಂಗ ಎಳಕೊಂಡು ಹೋಗ್ಲಿ?" ಎಂದರು.

ಮಧ್ಯಾಹ್ನ ಸೊಪ್ಪು ಸೋಸುತ್ತಿದ್ದೆ. ಬಹಳ ಹೊತ್ತು ಸ್ಪೀಕರಿನಲ್ಲಿ ಬರೀ ಉಸಿರಾಟ ಕೇಳುತ್ತಿತ್ತು. ಆಮೇಲೆ:

"ಯವ್ವಾ, ನನಗ ಬದುಕೋದೈತಿ."

ನಾನು ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದುಕೊಂಡು ಕುಳಿತೆ.

"ಚನ್ನಯ್ಯ ಹೇಳೋದು ಸುಳ್ಳಲ್ಲ. ನಾ ಅಂದಿದ್ದೆ. ಅದು ಮೂವತ್ತು ವರ್ಷದಾಂವ ಅಂದ ಮಾತು. ಆಗ ಗಂಟಲ ಚಲೋ ಇತ್ತು, ಸಾವು ದೂರ ಇತ್ತು. ಹಾಡು ಸಾಕಾತವ್ವ. ಹಾಡೀನಿ. ಈಗ ಮುಂಜಾನೆದ್ದು ಕಟ್ಟಿ ಮ್ಯಾಲ ಕೂಡಬೇಕು, ಚಾ ಕುಡೀಬೇಕು, ಹೋಗೋರು ಬರೋರ್ನ ನೋಡಬೇಕು. ಅದಕ್ಕ ದನಿ ಯಾಕ ಬೇಕು?"

ನಾನು ಮರೆಯಿಂದಲೇ ಕೇಳಿದೆ, ನಿಮ್ಮ ಮಗನಿಗೆ ಹೇಳಲೇ ಎಂದು. ಮಾವನವರೊಂದಿಗೆ ಆಡಿದ ಮೊದಲ ಪೂರ್ತಿ ಮಾತು.

"ನೀ ಹೇಳಬ್ಯಾಡ. ನಿನ್ನ ಬಾಯಿಂದ ಬಂದ್ರ ಶಹರದ ಹುಡುಗಿ ಕಲಿಸ್ಯಾಳ ಅಂತಾರ, ಮುದುಕ ಸಾಯಾಕ ಅಂಜ್ಯಾನ ಅಂತಾರ. ಐತವಾರ ಎಲ್ಲಾರೂ ಇರ್ತಾರ. ನಾನ ಹೇಳ್ತೀನಿ. ಇದರಾಗ ಹೇಳ್ತೀನಿ. ಕಿವಿ ಇದ್ದಾಂವ ಕೇಳಲಿ."

ಮಾತು ಕೊಟ್ಟಿದ್ದೇನೆ. ಈಶನಿಗೂ ಹೇಳುವಂತಿಲ್ಲ. ಅವರು ಪಕ್ಕದಲ್ಲಿ ಮಲಗಿ ಸೂರು ನೋಡುತ್ತಾರೆ, ನಾನೂ ಸೂರು ನೋಡುತ್ತೇನೆ.

ಆಗಸ್ಟ್ ೯, ಗುರುವಾರ

ಮಾವನವರ ದನಿ ಇನ್ನಷ್ಟು ಸಣ್ಣಗಾಗಿದೆ. ಆಂಪ್ಲಿಫೈಯರಿನ ಗುಂಡಿಯನ್ನು ಮೊದಲು ಅರ್ಧಕ್ಕೆ ಇಡುತ್ತಿದ್ದೆವು. ಈಗ ಮುಕ್ಕಾಲು. ಐತವಾರದವರೆಗೆ ಜಾಸ್ತಿ ಮಾತಾಡಬೇಡಿ ಎಂದೆ. "ಉಳಿಸಿಕೊಳ್ಳಾಕತ್ತೀನಿ" ಎಂದರು.

ಸಂಜೆ ದೀಪ ಬೇಗ ಮಂಕಾಯಿತು. ಮೋಡವಿದ್ದುದರಿಂದ ಹಾಗೆನಿಸಿರಬೇಕು.

ಆಗಸ್ಟ್ ೧೨, ಭಾನುವಾರ

ನಡೆದಂತೆಯೇ ಬರೆಯುತ್ತೇನೆ.

ಹತ್ತು ಗಂಟೆಗೆಲ್ಲ ಬಂದರು. ಕಾಕಾ, ಚನ್ನಯ್ಯನವರು, ಮೇಳದವರು, ಓಣಿಯ ಇಬ್ಬರು ಹಿರಿಯರು. ಕರೆಂಟ್ ಇರಲಿಲ್ಲ, ಇರುವ ಹೊತ್ತೂ ಅಲ್ಲ. ಮಾವನವರು ಬಿಳಿ ಅಂಗಿ ತೊಟ್ಟು ಮಂಚದ ಮೇಲೆ ನೆಟ್ಟಗೆ ಕುಳಿತಿದ್ದರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅಪ್ಪ ಏನೋ ಹೇಳಬೇಕಂತಾನೆ ಎಂದು ಈಶ ಅಡುಗೆಮನೆಯ ಸ್ಪೀಕರನ್ನು ಅಂಗಳದ ಬಾಗಿಲಿಗೆ ಒಯ್ದು ಗುಂಡಿ ತಿರುಗಿಸಿದರು. ಸ್ಪೀಕರ್ ಒಮ್ಮೆ ಕೆಮ್ಮಿತು. ಕೆಂಪು ದೀಪ ಹತ್ತಿ ಆರಿತು. ಅಷ್ಟೇ.

ಈಶ ವೈರು ಬಿಚ್ಚಿದರು, ಉಜ್ಜಿದರು, ಮತ್ತೆ ಕಟ್ಟಿದರು. ಏನೂ ಇಲ್ಲ. ಬ್ಯಾಟರಿಯ ಮುಚ್ಚಳ ತೆಗೆದು ನೋಡಿ, "ಇದರಾಗ ನೀರು ಹಾಕಿದವ್ರ್ಯಾರು?" ಎಂದರು. ಮೆಲ್ಲಗೆ ಅಂದದ್ದು, ಸಿಟ್ಟಿನಿಂದಲ್ಲ. ಆದರೂ ಅತ್ತೆಗೆ ಹೇಗೋ ತಿಳಿಯಿತು.

"ನಾನ ಹಾಕೀನಿ. ದಿನಾ ಪೂಜಿ ಆದಮ್ಯಾಲ ಕಾಲುವಿ ನೀರು ಸೋಸಿ ತುಂಬ್ತಿದ್ದೆ. ಬೋರಿನ ನೀರು ಸವುಳು, ಅದನ್ನ ಹಾಕಿಲ್ಲಪ್ಪ. ಪೂಜಿ ಮಾಡಿದ್ದು ಅರ್ಧ ಇರಬಾರದಂತ ತುಂಬಿದ್ನಿ."

ದಿನ ದಿನ ತುಂಬಿದ್ದಾರೆ. ಒಳಗಿನ ಆಸಿಡ್ ಉಕ್ಕಿ ಹೊರಗೆ ಚೆಲ್ಲಿ ಕಲ್ಲು ತಿಂದಿದೆ. ಒಳಗೆ ಉಳಿದದ್ದು ಬರೀ ಕಾಲುವೆಯ ನೀರು. ನೀರು ಇಳಿದಿಲ್ಲವೆಂದು ನಾನು ಖುಷಿಪಟ್ಟಿದ್ದೆ.

ಈಶ ಮತ್ತೆ ವೈರಿಗೆ ಕೈ ಹಾಕಿದರು. ಯಾರದಾದರೂ ಟ್ರ್ಯಾಕ್ಟರಿನ ಬ್ಯಾಟರಿ ತರಿಸೋಣ ಎಂದರು. ಕಾಕಾ ತಡೆದರು. "ಬಿಡೋ, ಅದರ ಗದ್ದಲ ಈಗ್ಯಾಕ? ಅಣ್ಣನ ಮನಸ್ಸು ನಮಗ ಗೊತ್ತಿಲ್ಲೇನು?"

ಮಾವನವರ ತುಟಿ ಅಲುಗುತ್ತಿತ್ತು. ಸತ್ತ ಮೈಕಿನಲ್ಲಿಯೇ ಹೇಳುತ್ತಿದ್ದರು. ಚನ್ನಯ್ಯನವರು ಎದ್ದು ಹೋಗಿ ಅವರ ಕೈಯಿಂದ ಮೈಕು ಬಿಡಿಸಿ, ಕೈ ಹಿಡಿದುಕೊಂಡರು. "ಮಾತಾಡಿ ದಣೀಬ್ಯಾಡ ಲಿಂಗಣ್ಣ. ನಾ ಇದ್ದೀನಲ್ಲ. ನಿನ್ನ ಮಾತು ನಾ ಹೇಳ್ತೀನಿ." ಅವರ ಕಣ್ಣಲ್ಲಿ ನೀರಿತ್ತು. ಪ್ರೀತಿಯಿಂದಲೇ ಅಂದದ್ದು. "ಲಿಂಗಣ್ಣಗ ಆಪರೇಷನ್ ಬ್ಯಾಡ್ರಿ. ಶ್ರಾವಣ ಮುಗಿಯೂತನಕ ದಿನಾ ಇಲ್ಲೇ ಭಜನಿ ಮಾಡೋಣು. ಕೇಳ್ಕೋತ ಇರ್ಲಿ."

ಹಿರಿಯರು ಹೌದೆಂದರು. ಈಶ ಬ್ಯಾಟರಿಯ ಮುಂದೆ ಕುಳಿತು ತಲೆ ಎತ್ತಲೇ ಇಲ್ಲ. ಮಾವನವರು ಒಬ್ಬೊಬ್ಬರ ಮುಖ ನೋಡಿದರು. ಕೊನೆಗೆ ಅಡುಗೆಮನೆಯ ಬಾಗಿಲು ನೋಡಿದರು.

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕುಳಿತು ಅವರ ಬಾಯಿಯ ಹತ್ತಿರ ಕಿವಿ ಕೊಟ್ಟೆ. ಔಷಧದ ವಾಸನೆ ಬಂತು. ಅವರು ಹೇಳಿದರು. ನಾನು ಹೇಳಿದೆ. ಜೋರಾಗಿ, ಅಂಗಳದವರೆಗೆ ಕೇಳುವಂತೆ.

"ನನಗ ಬದುಕೋದೈತಿ."

ಮತ್ತೆ ಬಾಗಿದೆ, ಮತ್ತೆ ಹೇಳಿದೆ.

"ದನಿ ಹೋದ್ರ ಹೋಗಲಿ. ನನ್ನ ಸೋಲಾಪುರಕ್ಕ ಒಯ್ರಿ."

ಕಾಕಾ ಎದ್ದು ನಿಂತರು. "ಏ ಈಶ್ಯಾ, ಏನಿದು? ನಿನ್ನ ಹೇಣ್ತಿ ಹಿರೇರ ಮುಂದ ಬಂದು ನಾಟಕ ಮಾಡಾಕತ್ತಾಳೇನು? ಇದು ಅಣ್ಣ ಆಡೋ ಮಾತೇನು?"

ಮಾವನವರು ಮತ್ತೆ ಪಿಸುಗುಟ್ಟಿದರು. ನಾನು ತಲೆ ಎತ್ತಿ ಅವರನ್ನು ನೋಡಿದೆ. ಅದನ್ನು ಹೇಗೆ ಹೇಳಲಿ? ಅವರು ಬೆರಳಿನಿಂದ ನನ್ನ ಭುಜ ಒತ್ತಿದರು, ಹೇಳು ಎಂದು.

"ಮರಿಲಿಂಗ್ಯಾ," ಎಂದೆ. "ಬಾಯಿ ಮುಚ್ಚಲೇ. ಸಣ್ಣಾಂವ ಇದ್ದಾಗ ಹಾವು ಕಡದಾಗ ನಿನ್ನ ಹೊತಗೊಂಡು ಸುರಪುರತನ ಓಡಿದ್ನಿ. ಆಗ ನಿನ್ನ ಕೇಳಿದ್ನೇನು, ಬದುಕ್ತೀಯೋ ಇಲ್ಲೋ ಅಂತ?"

ಕಾಕಾ ನಿಂತೇ ಇದ್ದರು. ಆ ಮಾತು ನನಗೆ ಗೊತ್ತಿರಲು ಸಾಧ್ಯವಿಲ್ಲ ಎಂದು ಅವರಿಗೆ ತಿಳಿಯಿತು. ನಿಧಾನಕ್ಕೆ ಕೆಳಗೆ ಕುಳಿತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಚನ್ನಯ್ಯನವರು ಕೇಳಿದರು, ಮಾವನವರನ್ನಲ್ಲ, ನನ್ನನ್ನು: "ಮತ್ತ ಹಾಡಿನ ಗತಿ ಏನವ್ವ?"

ಕಿವಿ ಕೊಟ್ಟೆ. "ನೀ ಹಾಡು. ನಾ ತಪ್ಪು ಹಿಡೀತೀನಿ ಅಂತಾರ್ರಿ."

ಈಶ ನನ್ನನ್ನೇ ನೋಡುತ್ತಿದ್ದರು, ನಾನು ಯಾರೋ ಎಂಬಂತೆ. ಆಮೇಲೆ ಎದ್ದು ಹೋಗಿ ಸೋಲಾಪುರಕ್ಕೆ ಫೋನು ಮಾಡಲು ಚಪ್ಪಲಿ ಮೆಟ್ಟಿದರು.

ನನ್ನ ತಲೆಯ ಮೇಲೆ ಸೆರಗು ಇತ್ತೋ ಇಲ್ಲವೋ ನೆನಪಿಲ್ಲ. ಅತ್ತೆಯನ್ನು ಕೇಳಬೇಕು.

ಆಗಸ್ಟ್ ೧೪, ಮಂಗಳವಾರ

ಯಾದಗಿರಿ ಸ್ಟೇಷನ್ನು. ಗಾಡಿ ತಡ. ಮಾವನವರು ಗೋಣಿಚೀಲದ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಬರುವಾಗ ಜೀಪನ್ನು ಕಾಲುವೆಯ ದಾರಿಯಿಂದ ತಿರುಗಿಸಿ ಹೊಲ ತೋರಿಸಿದೆವು. ಭತ್ತ ಇನ್ನೂ ಬೆರಳುದ್ದ ಇದೆ. ಅವರು ಇಳಿಯಲಿಲ್ಲ, ಗಾಜು ಇಳಿಸಿ ನೋಡಿದರು.

ಅತ್ತೆಯದು ಮೊನ್ನೆಯಿಂದ ಒಂದೇ ಮಾತು: ನಾನೇ ಕೆಡಿಸಿದೆ, ನಾನೇ ಕೆಡಿಸಿದೆ. ಹಾಗಲ್ಲ ಎಂದು ಅವರ ಕಿವಿಯಲ್ಲಿ ಕೂಗಿ ಕೂಗಿ ನನ್ನ ಗಂಟಲೂ ಕಟ್ಟಿದೆ. ಪ್ಲಾಟ್‌ಫಾರಂ ಜನವೆಲ್ಲ ನೋಡುತ್ತಾರೆ. ನೋಡಲಿ.

ಆಗಸ್ಟ್ ೧೬, ಗುರುವಾರ. ಸೋಲಾಪುರ

ಒಂಬತ್ತಕ್ಕೆ ಒಳಗೆ ಕರೆದೊಯ್ಯುತ್ತೇವೆ, ಮಾತಾಡುವುದಿದ್ದರೆ ಮಾತಾಡಿಕೊಳ್ಳಿ ಎಂದು ನರ್ಸ್ ಹೇಳಿ ಹೋದಳು. ಈಶ ಸಣ್ಣ ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿಕೊಂಡು ತಂದಿದ್ದರು. ತಂದೆಯ ಮುಂದೆ ಹಿಡಿದರು. ಮಾವನವರು ಕೈಯಿಂದ ಅದನ್ನು ಸರಿಸಿದರು. ನಾನು ಅಭ್ಯಾಸದಂತೆ ಕಿವಿ ಕೊಡಲು ಬಾಗಿದೆ. ನನ್ನನ್ನೂ ಸರಿಸಿದರು. ಅತ್ತೆಯ ಕಡೆ ಬೆರಳು ಮಾಡಿದರು.

ನಾವಿಬ್ಬರೂ ಬಾಗಿಲಿಗೆ ಬಂದು ನಿಂತೆವು. ಅತ್ತೆ ಸ್ಟೂಲಿನ ಮೇಲೆ ಕುಳಿತು ಅವರ ಬಾಯಿಗೆ ಕಿವಿ ಹಚ್ಚಿದರು. ಮಾವನವರು ಹೇಳಿದರು. ತುಂಬಾ ಹೊತ್ತು ಹೇಳಿದರು. ಉಳಿಸಿಕೊಂಡದ್ದನ್ನೆಲ್ಲ ಹೇಳಿದರು. ಅತ್ತೆ ಒಂದೊಂದಕ್ಕೂ ತಲೆಯಾಡಿಸುತ್ತ, "ಹೌದು, ಹೌದು" ಅನ್ನುತ್ತಿದ್ದರು. ಅಷ್ಟರಲ್ಲಿ ಗಾಲಿಮಂಚ ಬಂತು.

ಈಗ ಹೊರಗೆ ಬೆಂಚಿನ ಮೇಲಿದ್ದೇವೆ. ಈಶ ಚಹಾ ತರಲು ಹೋದಾಗ ಕೇಳಿದೆ, ಮಾವ ಏನಂದ್ರು ಅತ್ತಿ ಎಂದು. ಎರಡು ಸಲ ಕೂಗಬೇಕಾಯಿತು.

"ನನಗೇನ್ ಕೇಳಿಸ್ತೈತವ್ವ?" ಎಂದರು. "ಒಂದೂ ತಿಳೀಲಿಲ್ಲ. ಬಾಯಿಂದು ಬೆಚ್ಚಗಿನ ಉಸರು ಕಿವಿಗೆ ಬಡೀತಿತ್ತು. ಸುಮ್ಮ ಹೌದು ಅಂದ್ನಿ."

ಸಂಜೆ

ಆಪರೇಷನ್ ಮುಗಿಯಿತು. ಮಾವನವರು ಬದುಕಿದ್ದಾರೆ. ಕೊರಳಿನ ನಳಿಗೆಯಲ್ಲಿ ಉಸಿರು ಹೋಗಿಬರುವುದು ದೂರಕ್ಕೂ ಕೇಳಿಸುತ್ತದೆ. ಕಣ್ಣು ತೆರೆದು ಅತ್ತೆಯನ್ನು ನೋಡಿದರು. ಅತ್ತೆ ಅವರ ಕೈ ಹಿಡಿದುಕೊಂಡು ಕುಳಿತಿದ್ದಾರೆ. ಅವರು ಏನನ್ನೂ ಹೇಳದಿದ್ದರೂ ಆಗಾಗ ಬಾಗಿ, "ಹೌದು, ಹೌದು" ಅನ್ನುತ್ತಿದ್ದಾರೆ.